ಬೋಟ್ಸ್ವಾನ: ಅಂಗಳದ ಮಾತು, ಪೆಟ್ಟಿಗೆಯ ಮತ

2024ರ ನವೆಂಬರ್ 1, ಶುಕ್ರವಾರ. ಆಫ್ರಿಕಾ ಖಂಡದ ದಕ್ಷಿಣ ಭಾಗದಲ್ಲಿರುವ ಬೋಟ್ಸ್ವಾನ ಗಣರಾಜ್ಯದಲ್ಲಿ ಬುಧವಾರ ಮತದಾನ ನಡೆದಿತ್ತು, ಎಣಿಕೆ ಇನ್ನೂ ಪೂರ್ತಿ ಮುಗಿದಿರಲಿಲ್ಲ. ಅಷ್ಟರಲ್ಲೇ ಅಧ್ಯಕ್ಷ ಮೊಕ್ವೀಟ್ಸಿ ಮಸೀಸಿ ಪತ್ರಕರ್ತರನ್ನು ಕರೆದು, ನಾವು ಸೋತಿದ್ದೇವೆ, ಅಧಿಕಾರ ಬಿಟ್ಟುಕೊಡುತ್ತೇವೆ ಎಂದುಬಿಟ್ಟರು. ಅದೇ ದಿನ ವಿರೋಧ ಪಕ್ಷಗಳ ಒಕ್ಕೂಟದ ನಾಯಕ ಡೂಮಾ ಬೋಕೊ ಅವರಿಗೆ ಮುಖ್ಯ ನ್ಯಾಯಮೂರ್ತಿಗಳು ಪ್ರಮಾಣವಚನ ಬೋಧಿಸಿದರು. ಸೈನ್ಯ ಬೀದಿಗಿಳಿಯಲಿಲ್ಲ, ಇಂಟರ್ನೆಟ್ ಕಡಿತವಾಗಲಿಲ್ಲ. ಐವತ್ತೆಂಟು ವರ್ಷ ಬಿಡುವಿಲ್ಲದೆ ಆಳಿದ ಬೋಟ್ಸ್ವಾನ ಡೆಮಾಕ್ರಟಿಕ್ ಪಕ್ಷ, ಅಂದರೆ ಬಿಡಿಪಿ, 38 ಸ್ಥಾನಗಳಿಂದ ನಾಲ್ಕಕ್ಕೆ ಇಳಿದಿತ್ತು.

ಈ ದೇಶವನ್ನು ಆಫ್ರಿಕಾದ ಮಾದರಿ ಪ್ರಜಾಪ್ರಭುತ್ವ ಎಂದು ದಶಕಗಳಿಂದ ಹೊಗಳುತ್ತ ಬಂದವರಿಗೆ ಒಳಗೊಳಗೇ ಒಂದು ಮುಜುಗರ ಇತ್ತು. ಐದು ವರ್ಷಕ್ಕೊಮ್ಮೆ ತಪ್ಪದೆ ಚುನಾವಣೆ ನಡೆಯುತ್ತಿತ್ತು, ಗೆಲ್ಲುವವರು ಮಾತ್ರ ಪ್ರತಿ ಸಲವೂ ಅವರೇ. ಹಾಗಾದರೆ ಅಲ್ಲಿ ಇದ್ದದ್ದು ಪ್ರಜಾಪ್ರಭುತ್ವವೋ, ಜನ ಒಪ್ಪಿಕೊಂಡ ಏಕಪಕ್ಷದ ಆಳ್ವಿಕೆಯೋ? ಅಲ್ಲಿನ ಸಂವಿಧಾನವನ್ನು ಓದಿದರೆ, ಅಧ್ಯಕ್ಷನ ಕೈಗೆ ಬಹುಮಟ್ಟಿಗೆ ಎಲ್ಲವನ್ನೂ ಒಪ್ಪಿಸಿಬಿಟ್ಟ ದಾಖಲೆ ಅದು ಅನ್ನಿಸುತ್ತದೆ. ದೇಶವನ್ನು ಕಾಪಾಡಿದ್ದು ಆ ದಾಖಲೆಯಲ್ಲ, ಅದರ ಹೊರಗೆ ಬೆಳೆದ ಕೆಲವು ರೂಢಿಗಳು ಎಂಬುದು ನನ್ನ ತಿಳುವಳಿಕೆ. ಆ ರೂಢಿಗಳ ಕಥೆಯನ್ನೇ ಇವತ್ತು ಹೇಳಬೇಕೆಂದಿದ್ದೇನೆ.

ಮೊದಲು ದೇಶದ ಗಾತ್ರ ಹೇಳಿಬಿಡುತ್ತೇನೆ. ವಿಸ್ತಾರದಲ್ಲಿ ಬೋಟ್ಸ್ವಾನ ನಮ್ಮ ಕರ್ನಾಟಕದ ಮೂರು ಪಟ್ಟು. ಜನರನ್ನು ಎಣಿಸಿದರೆ 2022ರ ಜನಗಣತಿಯ ಪ್ರಕಾರ ಸುಮಾರು 23 ಲಕ್ಷದ 46 ಸಾವಿರ, ಅಂದರೆ ಮೈಸೂರು ಜಿಲ್ಲೆಯೊಂದರ ಜನರಿಗಿಂತ ಕಡಿಮೆ. ಬಹುಪಾಲು ನೆಲ ಕಲಹಾರಿಯ ಮರಳು. ಸಮುದ್ರವಿಲ್ಲ. ಸ್ವಾತಂತ್ರ್ಯ ಬಂದಾಗ ದಕ್ಷಿಣಕ್ಕೆ ವರ್ಣಭೇದದ ದಕ್ಷಿಣ ಆಫ್ರಿಕಾ, ಪಶ್ಚಿಮಕ್ಕೆ ಅದರದೇ ಹಿಡಿತದಲ್ಲಿದ್ದ ಇಂದಿನ ನಮೀಬಿಯಾ, ಪೂರ್ವಕ್ಕೆ ಬಿಳಿಯರ ರೊಡೀಷಿಯಾ. ಉತ್ತರದ ಮೂಲೆಯಲ್ಲಿ ಜಾಂಬೆಜಿ ನದಿಯ ಮೇಲೆ, ಕಜುಂಗುಲಾ ಎಂಬಲ್ಲಿ, ಕೆಲವೇ ನೂರು ಮೀಟರಿನಷ್ಟು ಗಡಿ ಮಾತ್ರ ಸ್ವತಂತ್ರ ಜಾಂಬಿಯಾಕ್ಕೆ ತಾಗಿತ್ತು. 2021ರಲ್ಲಿ ಅಲ್ಲಿ ಸೇತುವೆಯೊಂದು ತೆರೆಯಿತು. ಜಿಂಬಾಬ್ವೆಯ ನೆಲವನ್ನು ಮುಟ್ಟದಿರಲೆಂದು ಅದನ್ನು ಬಾಗಿಸಿ ಕಟ್ಟಿದ್ದಾರೆ.

ಬ್ರಿಟಿಷರ ಕಾಲದಲ್ಲಿ ಇದರ ಹೆಸರು ಬೆಚುವಾನಾಲ್ಯಾಂಡ್. 1885ರಲ್ಲಿ ರಕ್ಷಿತ ಪ್ರದೇಶವಾಗಿ ಅವರ ಕೈಸೇರಿತು. ಅವರಿಗೆ ಈ ನೆಲದ ಮೇಲೆ ಎಷ್ಟು ಅಕ್ಕರೆ ಇತ್ತೆಂದರೆ, ಆಡಳಿತ ಕಚೇರಿಯನ್ನೇ ಈ ದೇಶದೊಳಗೆ ಇಟ್ಟಿರಲಿಲ್ಲ! ಗಡಿಯಾಚೆ ದಕ್ಷಿಣ ಆಫ್ರಿಕಾದ ಮಫೆಕಿಂಗ್ ಊರಿನಲ್ಲಿ ಕುಳಿತು ಇದನ್ನು ಆಳುತ್ತಿದ್ದರು. ಸ್ವಾತಂತ್ರ್ಯ ಹತ್ತಿರ ಬಂದಾಗ, 1960ರ ದಶಕದ ನಡುವೆ, ಗ್ಯಾಬೊರೋನ್ ಎಂಬ ರಾಜಧಾನಿಯನ್ನು ಬಯಲಿನಲ್ಲಿ ಹೊಸದಾಗಿ ಕಟ್ಟಬೇಕಾಯಿತು.

ಹಾಗೆ ನೋಡಿದರೆ ಬ್ರಿಟಿಷರ ಈ ಅಸಡ್ಡೆಯೇ ಒಂದು ಉಪಕಾರವಾಯಿತು. 1895ರಲ್ಲಿ ಬ್ರಿಟಿಷ್ ವಸಾಹತುಗಾರ ಸೆಸಿಲ್ ರೋಡ್ಸ್‌ನ ಕಂಪನಿ ಈ ನಾಡನ್ನು ತನಗೆ ಬಿಟ್ಟುಕೊಡಿ ಎಂದು ಲಂಡನ್ನಿಗೆ ದುಂಬಾಲು ಬಿದ್ದಿತ್ತು. ಆಗ ಮೂವರು ಕುಲದೊರೆಗಳು, ಬಂಗ್ವಾಟೊ ಕುಲದ ಮೂರನೆಯ ಖಾಮಾ, ಬಕ್ವೇನಾದ ಸೆಬೆಲೆ, ಬಂಗ್ವಾಕೆಟ್ಸೆಯ ಬಾತೋಯೆನ್, ಹಡಗು ಹತ್ತಿ ಇಂಗ್ಲೆಂಡಿಗೆ ಹೋದರು. ಊರೂರು ಸುತ್ತಿ, ಚರ್ಚುಗಳಲ್ಲಿ ಸಭೆಗಳಲ್ಲಿ ಮಾತನಾಡಿ, ವಸಾಹತು ಮಂತ್ರಿ ಜೋಸೆಫ್ ಚೇಂಬರ್ಲೇನ್‌ರನ್ನು ಕಂಡು, ವಿಕ್ಟೋರಿಯಾ ರಾಣಿಯನ್ನೂ ಭೇಟಿಯಾಗಿ, ನಮ್ಮನ್ನು ಕಂಪನಿಗೆ ಒಪ್ಪಿಸಬೇಡಿ ಎಂದು ಕೇಳಿಕೊಂಡರು. ಆ ವರ್ಷದ ಕೊನೆಯಲ್ಲಿ ರೋಡ್ಸ್‌ನ ಕಡೆಯವರು ನೆರೆಯ ಟ್ರಾನ್ಸ್‌ವಾಲ್ ಮೇಲೆ ದಾಳಿ ಮಾಡಹೋಗಿ ಮುಖಭಂಗ ಅನುಭವಿಸಿದ್ದೂ ಇವರ ನೆರವಿಗೆ ಬಂತು. ಕಂಪನಿಯ ಆಳ್ವಿಕೆ ತಪ್ಪಿತು. ಈ ಮೂವರ ಎತ್ತರವಾದ ಕಂಚಿನ ಪ್ರತಿಮೆಗಳು ಈಗ ಗ್ಯಾಬೊರೋನ್‌ನಲ್ಲಿವೆ. ಅವನ್ನು ಮಾಡಿಕೊಟ್ಟದ್ದು ಉತ್ತರ ಕೊರಿಯಾದ ಕಂಪನಿ ಎಂಬುದು ಇತಿಹಾಸದ ತಮಾಷೆಗಳಲ್ಲೊಂದು.

ಖಾಮಾ ದೊರೆಯ ಮೊಮ್ಮಗ ಸೆರೆತ್ಸೆ ಖಾಮಾ. 1921ರಲ್ಲಿ ಹುಟ್ಟಿದವರು, ಬಂಗ್ವಾಟೊ ಕುಲದ ಪಟ್ಟಕ್ಕೆ ವಾರಸುದಾರರು. ಎಳವೆಯಲ್ಲೇ ತಂದೆ ತೀರಿಕೊಂಡದ್ದರಿಂದ ಚಿಕ್ಕಪ್ಪ ತ್ಷೆಕೆದಿ ರಾಜ್ಯಭಾರ ನೋಡಿಕೊಳ್ಳುತ್ತಿದ್ದರು. ಕಾನೂನು ಓದಲು ಇಂಗ್ಲೆಂಡಿಗೆ ಹೋದ ಸೆರೆತ್ಸೆ 1948ರಲ್ಲಿ ರೂತ್ ವಿಲಿಯಮ್ಸ್ ಎಂಬ ಇಂಗ್ಲಿಷ್ ಯುವತಿಯನ್ನು ಮದುವೆಯಾದರು. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ಪಕ್ಷ ಗೆದ್ದು ಬಂದ ವರ್ಷವೇ ಅದು. ಪಕ್ಕದ ಮನೆಯಲ್ಲಿ ಕರಿಯ ದೊರೆ, ಬಿಳಿಯ ರಾಣಿ ಎಂದರೆ ಪ್ರಿಟೋರಿಯಾದ ಆ ಸರ್ಕಾರಕ್ಕೆ ಸಹಿಸಲಾಗದ ಸಂಗತಿ.

ಚಿಕ್ಕಪ್ಪನಿಗೂ ಇದು ಸಹನೆಯಾಗಲಿಲ್ಲ, ಅವರ ಕಾರಣ ಬೇರೆ. ಕುಲವನ್ನು ಕೇಳದೆ ಮದುವೆಯಾದದ್ದು ತಪ್ಪು ಎಂಬುದು ಅವರ ವಾದ. ವಿಷಯ ಸೆರೋವೆ ಊರಿನ ಖೊಟ್ಲಾಕ್ಕೆ ಬಂತು. ಖೊಟ್ಲಾ ಎಂದರೆ ದೊರೆಯ ಮನೆಯೆದುರಿನ ಸಭೆಯ ಅಂಗಳ. ಮರದ ದಿಮ್ಮಿಗಳನ್ನು ಅರ್ಧಚಂದ್ರಾಕಾರದಲ್ಲಿ ನೆಟ್ಟು ಮಾಡಿದ ಆವರಣ. ಅಲ್ಲಿ ನ್ಯಾಯವೂ ನಡೆಯುತ್ತದೆ, ಊರಿನ ಚರ್ಚೆಯೂ ನಡೆಯುತ್ತದೆ. ದೊರೆ, ಅವರ ಮಾತಿನಲ್ಲಿ ಖೋಸಿ, ವಿಷಯವನ್ನು ಮುಂದಿಟ್ಟು ಸುಮ್ಮನಾಗುತ್ತಾನೆ. ಬಂದವರೆಲ್ಲ ಒಬ್ಬೊಬ್ಬರಾಗಿ ಮಾತನಾಡುತ್ತಾರೆ. ಎಲ್ಲರದೂ ಮುಗಿದ ಮೇಲೆ ಕಡೆಯ ಮಾತು ಅವನದು. ಜನರಿಂದಲೇ ದೊರೆ ದೊರೆಯಾಗುವುದು ಎಂಬ ಗಾದೆ ಅಲ್ಲಿ ಎಲ್ಲರ ಬಾಯಲ್ಲಿದೆ. ದೊಡ್ಡ ಯುದ್ಧವೆಂದರೆ ಬಾಯಿಯ ಯುದ್ಧ ಎಂಬುದು ಇನ್ನೊಂದು.

1948ರ ಕೊನೆಯ ಎರಡು ಸಭೆಗಳಲ್ಲಿ ಮಾತು ಸೆರೆತ್ಸೆಗೆ ವಿರುದ್ಧವಾಗಿಯೇ ಇತ್ತು. 1949ರ ಜೂನ್‌ನಲ್ಲಿ ಮೂರನೆಯ ಸಭೆ. ದಿನಗಟ್ಟಲೆ ಮಾತು. ಕೊನೆಗೆ ಸೆರೆತ್ಸೆ, ನನ್ನ ಹೆಂಡತಿಯನ್ನು ಒಪ್ಪದವರು ಎದ್ದು ನಿಲ್ಲಿ ಎಂದರು. ಬೆರಳೆಣಿಕೆಗಿಂತ ತುಸು ಹೆಚ್ಚು ಜನ ಎದ್ದರು. ಒಪ್ಪುವವರು ನಿಲ್ಲಿ ಎಂದಾಗ ಸಾವಿರಾರು ಜನ ಒಮ್ಮೆಲೇ ಎದ್ದು ನಿಂತರು. ಏಳು ತಿಂಗಳಲ್ಲಿ ಇಡೀ ಕುಲ ಮನಸ್ಸು ಬದಲಾಯಿಸಿತ್ತು. ತ್ಷೆಕೆದಿಯೇ ಪಟ್ಟಕ್ಕೆ ಕಣ್ಣು ಹಾಕಿದ್ದಾರೆಂಬ ಗುಮಾನಿಯೂ ಅದಕ್ಕೆ ಒಂದು ಕಾರಣ. ಆದರೂ, ಚರ್ಚಿಸಿ ಮನಸ್ಸು ಬದಲಾಯಿಸಿಕೊಂಡ ಜನ ಅವರು ಎಂಬುದನ್ನು ಮರೆಯುವಂತಿಲ್ಲ.

ಬ್ರಿಟಿಷ್ ಸರ್ಕಾರಕ್ಕೆ ದಕ್ಷಿಣ ಆಫ್ರಿಕಾದ ಚಿನ್ನ, ಯುರೇನಿಯಂ ಬೇಕಿತ್ತು. ಹಾಗಾಗಿ ವಿಚಾರಣಾ ಸಮಿತಿಯೊಂದನ್ನು ನೇಮಿಸಿತು. ಸೆರೆತ್ಸೆ ದೊರೆಯಾಗಲು ಅರ್ಹರೇ, ಆದರೆ ನೆರೆಯ ಬಿಳಿಯ ಸರ್ಕಾರಗಳು ಮುನಿಸಿಕೊಳ್ಳುತ್ತವೆ ಎಂದು ಸಮಿತಿ ಬರೆಯಿತು. ಇಷ್ಟು ಪ್ರಾಮಾಣಿಕವಾದ ವರದಿಯನ್ನು ಪ್ರಕಟಿಸುವುದುಂಟೆ? ದಶಕಗಳ ಕಾಲ ಅದನ್ನು ಮುಚ್ಚಿಟ್ಟರು. ಮಾತುಕತೆಗೆಂದು ಲಂಡನ್ನಿಗೆ ಕರೆಸಿಕೊಂಡ ಸೆರೆತ್ಸೆಯನ್ನು ಮರಳಿ ಊರಿಗೆ ಬಿಡಲಿಲ್ಲ. 1950ರ ಮಾರ್ಚ್‌ನಲ್ಲಿ ಬ್ರಿಟಿಷ್ ಹೈಕಮಿಷನರ್ ಎವೆಲಿನ್ ಬೇರಿಂಗ್ ಪೂರ್ಣ ಸಮವಸ್ತ್ರ ಧರಿಸಿ, ಈ ನಿರ್ಧಾರವನ್ನು ಜನರಿಗೆ ತಿಳಿಸಲೆಂದು ಸೆರೋವೆಯ ಖೊಟ್ಲಾಕ್ಕೆ ಬಂದರು. ಒಬ್ಬರೂ ಬರಲಿಲ್ಲ. ಮಾತನ್ನೇ ನಂಬಿದ ಜನ ಮಾತಿಗೆ ಬರದೆ ಉತ್ತರ ಕೊಟ್ಟಿದ್ದರು. ಮುಂದೆ ಬೇರೊಬ್ಬ ದೊರೆಯನ್ನು ಆರಿಸಿಕೊಳ್ಳಿ ಎಂದು ಎಷ್ಟು ಪುಸಲಾಯಿಸಿದರೂ ಬಂಗ್ವಾಟೊಗಳು ಒಪ್ಪಲಿಲ್ಲ. 1956ರಲ್ಲಿ, ಪಟ್ಟದ ಹಕ್ಕು ಬಿಟ್ಟುಕೊಟ್ಟು, ಸಾಮಾನ್ಯ ನಾಗರಿಕರಾಗಿ ಸೆರೆತ್ಸೆ ಹೆಂಡತಿ ಮಕ್ಕಳೊಂದಿಗೆ ಹಿಂತಿರುಗಿದರು. 1962ರಲ್ಲಿ ಕ್ವೆಟ್ ಮಾಸಿರೆ ಮೊದಲಾದವರ ಜೊತೆ ಸೇರಿ ಬಿಡಿಪಿ ಕಟ್ಟಿದರು. 1965ರ ಚುನಾವಣೆಯಲ್ಲಿ 31ರಲ್ಲಿ 28 ಸ್ಥಾನ. ಓದು ಬಾರದ ಮತದಾರರೇ ಹೆಚ್ಚಿದ್ದರಿಂದ ಆಗ ಮತಪತ್ರ ಇರಲಿಲ್ಲ, ಪಕ್ಷಕ್ಕೊಂದು ಬಣ್ಣದ ಬಿಲ್ಲೆ. ಬೇಕಾದ್ದನ್ನು ಲಕೋಟೆಯಲ್ಲಿಟ್ಟು ಪೆಟ್ಟಿಗೆಗೆ ಹಾಕಬೇಕು. 1966ರ ಸೆಪ್ಟೆಂಬರ್ 30ರಂದು ಸ್ವಾತಂತ್ರ್ಯ ಬಂತು, ಸೆರೆತ್ಸೆ ಮೊದಲ ಅಧ್ಯಕ್ಷರಾದರು.

ಪಟ್ಟ ಬಿಟ್ಟ ದೊರೆಮಗ ಚುನಾವಣೆಯಲ್ಲಿ ಗೆದ್ದು ಬಂದು ಮಾಡಿದ ಮೊದಲ ಕೆಲಸವೇ ದೊರೆಗಳ ಅಧಿಕಾರವನ್ನು ಕಡಿಮೆ ಮಾಡಿದ್ದು. 1968ರ ಕುಲಭೂಮಿ ಕಾಯ್ದೆಯಿಂದ ಜಮೀನು ಹಂಚುವ ಹಕ್ಕು ಖೋಸಿಗಳ ಕೈಯಿಂದ ಭೂಮಂಡಳಿಗಳಿಗೆ ಹೋಯಿತು. ದಾರಿ ತಪ್ಪಿ ಬಂದ ದನಗಳಿಂದ ಹಿಡಿದು ಶಾಲೆಗಳವರೆಗೆ ಅನೇಕ ವ್ಯವಹಾರಗಳು ಚುನಾಯಿತ ಜಿಲ್ಲಾ ಪರಿಷತ್ತುಗಳ ಪಾಲಾದವು. ನೆಲದಡಿಯ ಖನಿಜವೆಲ್ಲ ಕುಲದ್ದಲ್ಲ, ದೇಶದ್ದು ಎಂದು 1967ರ ಕಾಯ್ದೆ ಹೇಳಿತು. ಅದೇ ವರ್ಷ ಒರಾಪಾದಲ್ಲಿ ವಜ್ರ ಸಿಕ್ಕಿತು. ಒರಾಪಾ ಇರುವುದು ಬಂಗ್ವಾಟೊ ನೆಲದಲ್ಲಿ, ಅಂದರೆ ಸೆರೆತ್ಸೆಯ ಸ್ವಂತ ಕುಲದ ಸೀಮೆಯಲ್ಲಿ. ಬೇರೆ ಕುಲದವರು ಆ ಕಾಯ್ದೆಯನ್ನು ಒಪ್ಪಿಕೊಳ್ಳಲು ಅದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ.

ದೊರೆಗಳನ್ನು ಪೂರ್ತಿ ಕೈಬಿಟ್ಟರೇ? ಇಲ್ಲ. ಅವರಿಗಾಗಿ ಒಂದು ಸದನ ಇದೆ, ನ್ಟ್ಲೋ ಯಾ ಡಿಖೋಸಿ. ಹಳೆಯ ಹೆಸರು ದೊರೆಗಳ ಸದನ. ಕುಲಾಚಾರ, ಜಮೀನು, ಮದುವೆ, ವಾರಸುದಾರಿಕೆಗೆ ಸಂಬಂಧಿಸಿದ ಮಸೂದೆಗಳು ಅವರ ಮುಂದೆ ಬರಬೇಕು. ಅವರು ಅಭಿಪ್ರಾಯ ಹೇಳಬಹುದು, ತಡೆಯುವಂತಿಲ್ಲ. ಅದನ್ನು ನಮ್ಮ ರಾಜ್ಯಸಭೆಯ ಹಾಗೆ ಎರಡನೆಯ ಸದನ ಎಂದುಕೊಳ್ಳಬಾರದು, ಅದು ಸಲಹಾ ಸಭೆ ಮಾತ್ರ. ಹಳ್ಳಿಯ ಮಟ್ಟದಲ್ಲಿ ಮಾತ್ರ ಖೋಸಿಯ ನ್ಯಾಯಾಲಯಕ್ಕೆ ಇಂದಿಗೂ ಜೀವ ಇದೆ. ಚಿಕ್ಕಪುಟ್ಟ ಅಪರಾಧಗಳ ವಿಚಾರಣೆ ಅಲ್ಲೇ ನಡೆಯುತ್ತದೆ. ಅಲ್ಲಿಗೆ ವಕೀಲರಿಗೆ ಪ್ರವೇಶವಿಲ್ಲ. ಇದರಿಂದ ಬಡವನಿಗೆ ಖರ್ಚು ಉಳಿಯುತ್ತದೆ ಎನ್ನುವವರೂ ಇದ್ದಾರೆ, ಛಡಿಯೇಟಿನ ಶಿಕ್ಷೆ ಕೊಡುವ ನ್ಯಾಯಾಲಯದಲ್ಲಿ ವಕೀಲ ಇರಬಾರದೆಂದರೆ ಹೇಗೆ ಎನ್ನುವವರೂ ಇದ್ದಾರೆ. ನಾನು ಎರಡನೆಯವರ ಕಡೆ.

ಅಧಿಕಾರ ಕಳೆದುಕೊಂಡ ದೊರೆಗಳೆಲ್ಲ ಸುಮ್ಮನೆ ಕೂರಲಿಲ್ಲ. ಕಾನ್ಯೆ ಊರಿನ ದೊರೆ ಎರಡನೆಯ ಬಾತೋಯೆನ್, 1895ರಲ್ಲಿ ಇಂಗ್ಲೆಂಡಿಗೆ ಹೋಗಿದ್ದ ಬಾತೋಯೆನ್ ಅವರ ಮೊಮ್ಮಗ, ಸಿಟ್ಟಿನಿಂದ ಪಟ್ಟಕ್ಕೇ ರಾಜೀನಾಮೆ ಕೊಟ್ಟು, ಬೋಟ್ಸ್ವಾನ ನ್ಯಾಷನಲ್ ಫ್ರಂಟ್ ಎಂಬ ವಿರೋಧ ಪಕ್ಷ ಸೇರಿ 1969ರ ಚುನಾವಣೆಗೆ ನಿಂತರು. ಎದುರಾಳಿ ಯಾರು? ದೇಶದ ಉಪಾಧ್ಯಕ್ಷ ಕ್ವೆಟ್ ಮಾಸಿರೆ. ದೊರೆ ಗೆದ್ದರು, ಉಪಾಧ್ಯಕ್ಷರು ಸೋತರು. ಎಡಪಂಥದ ಮಾತನಾಡುತ್ತಿದ್ದ ಆ ಪಕ್ಷಕ್ಕೆ ಕಾನ್ಯೆಯಲ್ಲಿ ಬೇರು ಕೊಟ್ಟದ್ದು ಒಬ್ಬ ಕುಲದೊರೆ ಎಂಬುದನ್ನು ಗಮನಿಸಿ. ಮಾಸಿರೆಯವರಿಗೆ ಹಿಂಬಾಗಿಲು ಇತ್ತು. ಚುನಾಯಿತರಲ್ಲದೆ ಕೆಲವರನ್ನು ಸಂಸತ್ತು ವಿಶೇಷ ಸದಸ್ಯರಾಗಿ ಆರಿಸಿಕೊಳ್ಳಬಹುದು, ಆ ದಾರಿಯಲ್ಲಿ ಅವರು ಒಳಗೆ ಬಂದರು, ಉಪಾಧ್ಯಕ್ಷರಾಗಿಯೇ ಮುಂದುವರಿದರು. ಅಧ್ಯಕ್ಷನಾಗುವವನು ತಾನೂ ಒಂದು ಕ್ಷೇತ್ರದಿಂದ ಗೆದ್ದು ಬರಬೇಕೆಂಬ ನಿಯಮವನ್ನು ಕೆಲವೇ ವರ್ಷಗಳಲ್ಲಿ ತೆಗೆದುಹಾಕಲಾಯಿತು. ಕಾನ್ಯೆಯ ಪಾಠ ಆಳುವ ಪಕ್ಷಕ್ಕೆ ಚೆನ್ನಾಗಿ ಅರ್ಥವಾಗಿತ್ತು.

ಇಲ್ಲಿಗೆ ಅಧ್ಯಕ್ಷನ ಆಯ್ಕೆಯ ವಿಷಯಕ್ಕೆ ಬಂದೆವು. ಬೋಟ್ಸ್ವಾನದ ಮತದಾರ ಅಧ್ಯಕ್ಷನಿಗೆ ನೇರವಾಗಿ ಮತ ಹಾಕುವುದಿಲ್ಲ. ಸಂಸತ್ತಿಗೆ ಸ್ಪರ್ಧಿಸುವ ಪ್ರತಿ ಅಭ್ಯರ್ಥಿಯೂ ತಾನು ಯಾರನ್ನು ಅಧ್ಯಕ್ಷನಾಗಿ ಬೆಂಬಲಿಸುತ್ತೇನೆಂದು ನಾಮಪತ್ರದ ಹಂತದಲ್ಲೇ ಘೋಷಿಸುತ್ತಾನೆ. ಯಾರ ಬೆಂಬಲಿಗರು ಅರ್ಧಕ್ಕಿಂತ ಹೆಚ್ಚು ಕ್ಷೇತ್ರ ಗೆಲ್ಲುತ್ತಾರೋ ಅವರು ಅಧ್ಯಕ್ಷರು. ಮುಖ್ಯ ನ್ಯಾಯಮೂರ್ತಿಗಳು ಘೋಷಿಸಿದರೆ ಮುಗಿಯಿತು. ಹಾಗಾಗಿ ಆಯ್ಕೆಯ ಬಗೆ ನಮ್ಮ ಪ್ರಧಾನಿಯದು, ಆಮೇಲಿನ ಅಧಿಕಾರ ಅಮೆರಿಕದ ಅಧ್ಯಕ್ಷನನ್ನೂ ಮೀರಿಸುವಂಥದ್ದು. ಸಂವಿಧಾನದ 47ನೆಯ ವಿಧಿ ಕಾರ್ಯಾಂಗದ ಅಧಿಕಾರವನ್ನು ಅಧ್ಯಕ್ಷನಲ್ಲೇ ಇರಿಸಿ, ಬೇರೆ ರೀತಿ ಹೇಳದ ಕಡೆಯೆಲ್ಲ ಆತ ತನ್ನ ಸ್ವಂತ ವಿವೇಚನೆಯಂತೆ ನಡೆಯಬಹುದು, ಬೇರೆ ಯಾರ ಸಲಹೆಗೂ ಬದ್ಧನಲ್ಲ ಎನ್ನುತ್ತದೆ. ಅಧಿಕಾರದಲ್ಲಿರುವಷ್ಟು ಕಾಲ ಆತನ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಉಪಾಧ್ಯಕ್ಷ, ಮಂತ್ರಿಗಳು ಆತನ ಆಯ್ಕೆ. ಸಂಸತ್ತು ಬೇಕಾದರೆ ಅವಿಶ್ವಾಸ ಗೊತ್ತುವಳಿ ತರಬಹುದು. ಆದರೆ ಅದು ಗೆದ್ದು, ಅಧ್ಯಕ್ಷ ರಾಜೀನಾಮೆ ಕೊಡದಿದ್ದರೆ ಸಂಸತ್ತೇ ವಿಸರ್ಜನೆಯಾಗುತ್ತದೆ. ಅಧ್ಯಕ್ಷನನ್ನು ಕೆಳಗಿಳಿಸಹೋದವರು ಮೊದಲು ತಮ್ಮ ಕುರ್ಚಿಯನ್ನೇ ಪಣಕ್ಕಿಡಬೇಕು.

ಇಂಥ ಕಾಗದವನ್ನು ಹಿಡಿದುಕೊಂಡು ಆಫ್ರಿಕಾದ ಅದೆಷ್ಟೋ ಅಧ್ಯಕ್ಷರು ಸರ್ವಾಧಿಕಾರಿಗಳಾದರು. ಬೋಟ್ಸ್ವಾನದಲ್ಲಿ ಹಾಗಾಗಲಿಲ್ಲ. ಏಕೆ ಎಂದು ಕೇಳಿದರೆ ಬಹಳ ಜನ ಖೊಟ್ಲಾದ ಕಡೆ ಕೈ ತೋರಿಸುತ್ತಾರೆ. ಅದು ಅರ್ಧ ಸತ್ಯ. ಇಂದಿಗೂ ಮಂತ್ರಿಗಳು, ಅಧಿಕಾರಿಗಳು, ಅಧ್ಯಕ್ಷರೇ ಕೂಡ, ಯಾವುದೇ ದೊಡ್ಡ ಯೋಜನೆಯನ್ನು ಹಳ್ಳಿಯ ಖೊಟ್ಲಾದಲ್ಲಿ ಮುಂದಿಟ್ಟು ಬೈಗುಳ ಕೇಳಿಸಿಕೊಂಡು ಬರುವುದುಂಟು. ಅಲ್ಲಿ ಪಕ್ಷದ ಮಾತು ನಿಷಿದ್ಧ. ಪಕ್ಷದವರು ಕೂಗಾಡಬೇಕಾದರೆ ಊರಾಚೆಯ ಬಯಲಿಗೆ ಹೋಗಬೇಕು. ಆ ಬಯಲಿಗೆ ಅಲ್ಲಿ ಫ್ರೀಡಂ ಸ್ಕ್ವೇರ್ ಎನ್ನುತ್ತಾರೆ. ಖೊಟ್ಲಾದಲ್ಲಿ ಟೋಪಿ ತೆಗೆದು ತಗ್ಗಿದ ದನಿಯಲ್ಲಿ ಮಾತನಾಡಿದವನೇ ಸಂಜೆ ಫ್ರೀಡಂ ಸ್ಕ್ವೇರಿನಲ್ಲಿ ಧ್ವನಿವರ್ಧಕ ಹಿಡಿದು ಮಂತ್ರಿಯ ಜನ್ಮ ಜಾಲಾಡುತ್ತಾನೆ. ಎರಡಕ್ಕೂ ಜಾಗ ಇಟ್ಟದ್ದು ಜಾಣತನ.

ಇನ್ನರ್ಧ ಸತ್ಯ ಅಷ್ಟು ಚೆನ್ನಾಗಿಲ್ಲ. ಹಳೆಯ ಖೊಟ್ಲಾದಲ್ಲಿ ಹೆಂಗಸರಿಗೆ ಮಾತಿರಲಿಲ್ಲ, ಕರೆದರೆ ಮಾತ್ರ ಬರಬೇಕು. ದನಗಾಹಿ ಜೀತದಲ್ಲಿದ್ದ ಬಸರ್ವಾ ಜನರಿಗೆ, ಅಂದರೆ ಕಲಹಾರಿಯ ಮೂಲನಿವಾಸಿ ಸಾನ್ ಜನರಿಗೆ, ಸ್ಥಾನವೇ ಇರಲಿಲ್ಲ. ಸಂವಿಧಾನವೂ ಸೆಟ್ಸ್ವಾನ ಮಾತನಾಡುವ ಎಂಟು ಕುಲಗಳ ದೊರೆಗಳಿಗೆ ಮಾತ್ರ ಸಹಜವಾಗಿ ಸದನದಲ್ಲಿ ಕುರ್ಚಿ ಕೊಟ್ಟಿತ್ತು. ಕಲಂಗಾ, ವಯೇಯಿ, ಹೆರೆರೊ ಮೊದಲಾದವರು ದಶಕಗಳ ಕಾಲ ತಕರಾರು ಮಾಡಿ, ವಯೇಯಿಗಳು ಹೈಕೋರ್ಟಿಗೂ ಹೋಗಿ, ಕೊನೆಗೆ ಸದನ ಸ್ವಲ್ಪ ಹಿಗ್ಗಿತು. 2003ರ ಹೊತ್ತಿಗೆ ಬಲೇಟೆ ಕುಲಕ್ಕೆ ಮೊಸಾದಿ ಸೆಬೋಕೊ ಎಂಬ ಮಹಿಳೆ ಖೋಸಿಯಾದದ್ದು, ಮುಂದೆ ಆ ಸದನದ ಅಧ್ಯಕ್ಷತೆಯನ್ನೇ ವಹಿಸಿದ್ದು ಸಣ್ಣ ಸಂಗತಿಯಲ್ಲ. ಖೊಟ್ಲಾದಲ್ಲಿ ಕೇಳಿಸಿಕೊಳ್ಳುತ್ತಾರೆ, ನಿಜ. ಕೇಳಿಸಿಕೊಂಡಂತೆ ನಡೆಯಬೇಕೆಂಬ ಕಟ್ಟುಪಾಡು ಯಾರ ಮೇಲೂ ಇಲ್ಲ. ಆಳುವವರು ಆಗಲೇ ನಿರ್ಧರಿಸಿದ್ದನ್ನು ಒಪ್ಪಿಸಲು ಬರುತ್ತಾರೆ ಎಂಬ ದೂರು ಅಲ್ಲಿ ಹಳೆಯದು.

ಆದ್ದರಿಂದ ನನಗೆ ಬೋಟ್ಸ್ವಾನದ ನಿಜವಾದ ಹೆಮ್ಮೆ ಖೊಟ್ಲಾಕ್ಕಿಂತ ಅದರ ಕೋರ್ಟುಗಳಲ್ಲಿ ಕಾಣುತ್ತದೆ. ಯೂನಿಟಿ ಡೌ ಎಂಬ ವಕೀಲೆಯ ಮೊಕದ್ದಮೆಯನ್ನು ತೆಗೆದುಕೊಳ್ಳಿ. ಅವರು ಅಮೆರಿಕದ ಪ್ರಜೆಯೊಬ್ಬರನ್ನು ಮದುವೆಯಾಗಿದ್ದರು. ಮೊದಲ ಮಗು ಮದುವೆಗೆ ಮೊದಲೇ ಹುಟ್ಟಿದ್ದರಿಂದ ತಾಯಿಯ ಪೌರತ್ವ ಸಿಕ್ಕಿತು. ಮದುವೆಯಾದ ಮೇಲೆ ಹುಟ್ಟಿದ ಇಬ್ಬರಿಗೆ ಸಿಗಲಿಲ್ಲ. ಮದುವೆಯಾದವಳ ಮಕ್ಕಳಿಗೆ ತಂದೆಯ ದೇಶವೇ ದೇಶ ಎಂಬುದು 1984ರ ಪೌರತ್ವ ಕಾಯ್ದೆಯ ತರ್ಕ. ಅದೇ ತಾಯಿ, ಅದೇ ತಂದೆ, ಅದೇ ಮನೆ. ಒಂದು ಮಗು ಸ್ವದೇಶಿ, ಇನ್ನೆರಡು ಪರದೇಶಿ! ಕೋರ್ಟಿನಲ್ಲಿ ಸರ್ಕಾರ ವಾದಿಸಿದ ರೀತಿಯಂತೂ ಇನ್ನೂ ವಿಚಿತ್ರ. ತಾರತಮ್ಯದ ವ್ಯಾಖ್ಯೆಯಲ್ಲಿ ಲಿಂಗ ಎಂಬ ಪದವನ್ನು ಸಂವಿಧಾನ ಬೇಕೆಂತಲೇ ಬಿಟ್ಟಿದೆ, ನಮ್ಮದು ಗಂಡಸರ ಸಮಾಜ, ಅದನ್ನು ಉಳಿಸುವುದೇ ಉದ್ದೇಶ ಎಂದಿತು. 1991ರಲ್ಲಿ ಹೈಕೋರ್ಟು, 1992ರಲ್ಲಿ ಮೇಲ್ಮನವಿ ನ್ಯಾಯಾಲಯ ಎರಡೂ ಡೌ ಅವರ ಪರವಾಗಿ ತೀರ್ಪಿತ್ತವು. 1995ರಲ್ಲಿ ಕಾಯ್ದೆ ತಿದ್ದುಪಡಿಯಾಯಿತು. ಸರ್ಕಾರವನ್ನು ಸೋಲಿಸಿದ ಆ ಹೆಂಗಸನ್ನು 1998ರಲ್ಲಿ ಅದೇ ಸರ್ಕಾರ ದೇಶದ ಮೊದಲ ಮಹಿಳಾ ಹೈಕೋರ್ಟ್ ನ್ಯಾಯಾಧೀಶೆಯಾಗಿ ನೇಮಿಸಿತು.

ಆಕೆ 2006ರ ಇನ್ನೊಂದು ದೊಡ್ಡ ತೀರ್ಪಿನ ಪೀಠದಲ್ಲೂ ಇದ್ದರು. ಮಧ್ಯ ಕಲಹಾರಿಯ ಮೀಸಲು ಪ್ರದೇಶದಿಂದ ಬಸರ್ವಾಗಳನ್ನು ಸರ್ಕಾರ 1997ರಲ್ಲಿ, ಮತ್ತೆ 2002ರಲ್ಲಿ ಹೊರಗೆ ಸಾಗಿಸಿತ್ತು. ಅವರ ಒಪ್ಪಿಗೆಯಿಲ್ಲದೆ ನೆಲ ಬಿಡಿಸಿದ್ದು ಕಾನೂನುಬಾಹಿರ ಎಂದು ಮೂವರಲ್ಲಿ ಇಬ್ಬರು ನ್ಯಾಯಾಧೀಶರು ಹೇಳಿದರು. ಸರ್ಕಾರ ತೀರ್ಪನ್ನು ಒಪ್ಪಿಕೊಂಡಿತು, ಅದರ ಅಕ್ಷರಕ್ಕೆ ಮಾತ್ರ. ಅರ್ಜಿಯಲ್ಲಿ ಹೆಸರಿದ್ದವರು ಮಾತ್ರ ಹಿಂತಿರುಗಬಹುದು ಎಂದಿತು. ಕೊಳವೆಬಾವಿಯ ನೀರಿಗಾಗಿ ಅವರು ಮತ್ತೆ 2011ರವರೆಗೆ ಕೋರ್ಟು ಹತ್ತಬೇಕಾಯಿತು. ಕೋರ್ಟಿನ ಮಾತು ಮೀರುವುದಿಲ್ಲ, ಮನಸಾರೆ ಪಾಲಿಸುವುದೂ ಇಲ್ಲ. ಬಿಡಿಪಿ ಆಳ್ವಿಕೆಯ ಗುಣ ದೋಷ ಎರಡೂ ಈ ಒಂದು ಪ್ರಕರಣದಲ್ಲಿ ಸಿಗುತ್ತವೆ.

ವಜ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಬಹಳ ಸಲ ಹೇಳಿದ ಕಥೆ. ಸ್ವಾತಂತ್ರ್ಯದ ದಿನ ಇಡೀ ದೇಶದಲ್ಲಿ ಡಾಂಬರು ಕಂಡ ರಸ್ತೆ ಹನ್ನೆರಡು ಕಿಲೋಮೀಟರ್, ಪದವೀಧರರು 22 ಮಂದಿ ಎಂದು ಲೆಕ್ಕ ಹೇಳುತ್ತಾರೆ. ಡಿ ಬೀರ್ಸ್ ಕಂಪನಿಯೊಂದಿಗೆ ಅರ್ಧಕ್ಕರ್ಧ ಪಾಲಿನ ಡೆಬ್‌ಸ್ವಾನ ಸಂಸ್ಥೆ, 1982ರಲ್ಲಿ ತೆರೆದ ಜ್ವಾನೆಂಗ್ ಗಣಿ, ಉಳಿತಾಯಕ್ಕೆ ಪುಲಾ ನಿಧಿ, ಹೀಗೆ ದುಡ್ಡು ಬಂತು, ಬಹುಮಟ್ಟಿಗೆ ಶಾಲೆ, ಆಸ್ಪತ್ರೆ, ರಸ್ತೆಗಳಿಗೇ ಹೋಯಿತು. ಏಡ್ಸ್ ಇಡೀ ತಲೆಮಾರನ್ನು ನುಂಗುತ್ತಿದ್ದಾಗ 2002ರಲ್ಲಿ ಅಧ್ಯಕ್ಷ ಫೆಸ್ಟಸ್ ಮೊಗಾಯೆ ಸರ್ಕಾರಿ ವೆಚ್ಚದಲ್ಲಿ ಔಷಧಿ ಕೊಡಲು ಮುಂದಾದರು. ಆಫ್ರಿಕಾದಲ್ಲಿ ಆಗ ಅಂಥ ಯೋಜನೆ ಬೇರೆಲ್ಲೂ ಇರಲಿಲ್ಲ. ಇಷ್ಟೆಲ್ಲ ಇದ್ದೂ ಆದಾಯದ ಅಂತರದಲ್ಲಿ ಬೋಟ್ಸ್ವಾನ ಜಗತ್ತಿನ ಮೇಲುಸಾಲಿನಲ್ಲೇ ಇದೆ. ಆಳಿದವರಲ್ಲಿ ಹೆಚ್ಚಿನವರು ದೊಡ್ಡ ದನದ ಹಿಂಡುಗಳ ಒಡೆಯರು. ಮಾಸಿರೆ ಸ್ವತಃ ಒಳ್ಳೆಯ ಕೃಷಿಕರು. ವಜ್ರದ ಹಣದಲ್ಲಿ ಕೊಳವೆಬಾವಿ ತೋಡಿದಾಗ ಲಾಭ ಹೆಚ್ಚು ದನ ಇದ್ದವರಿಗೇ ಹೋಯಿತು.

ಸೈನ್ಯದ ವಿಷಯದಲ್ಲೂ ಒಂದು ವಿಶೇಷ ಇದೆ. ಮೊದಲ ಹತ್ತು ವರ್ಷ ಆ ದೇಶಕ್ಕೆ ಸೈನ್ಯವೇ ಇರಲಿಲ್ಲ, ಪೊಲೀಸರು ಮಾತ್ರ. ರೊಡೀಷಿಯಾದವರು ಗಡಿ ದಾಟಿ ಬಂದು ಹೊಡೆಯತೊಡಗಿದ ಮೇಲೆ 1977ರಲ್ಲಿ ಸಂಸತ್ತು ಕಾಯ್ದೆ ಮಾಡಿ ಸೈನ್ಯ ಕಟ್ಟಿತು. ಆಫ್ರಿಕಾದಲ್ಲಿ ಅಲ್ಲಲ್ಲಿ ಸೈನಿಕ ದಂಗೆಗಳು ನಡೆಯುತ್ತಿದ್ದ ಆ ದಶಕದಲ್ಲಿ ದಂಗೆಯೇಳಲು ಇಲ್ಲಿ ಸೈನಿಕರೇ ಇರಲಿಲ್ಲ.

1980ರಲ್ಲಿ ಸೆರೆತ್ಸೆ ತೀರಿಕೊಂಡರು, ಮಾಸಿರೆ ಹದಿನೆಂಟು ವರ್ಷ ಆಳಿದರು. 1990ರ ದಶಕದ ಕೊನೆಯ ತಿದ್ದುಪಡಿಗಳಲ್ಲಿ ಒಳ್ಳೆಯದೂ ಕೆಟ್ಟದ್ದೂ ಒಟ್ಟಿಗೆ ಬಂದವು. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು, ಸ್ವತಂತ್ರ ಚುನಾವಣಾ ಆಯೋಗ ಬಂತು, ಅಧ್ಯಕ್ಷನಿಗೆ ಹತ್ತು ವರ್ಷದ ಮಿತಿ ಬಿತ್ತು. ಜೊತೆಗೇ, ಅಧ್ಯಕ್ಷ ನಡುವೆ ಸ್ಥಾನ ಬಿಟ್ಟರೆ ಉಪಾಧ್ಯಕ್ಷ ತಾನಾಗಿಯೇ ಅಧ್ಯಕ್ಷನಾಗುವ ಏರ್ಪಾಡು ಸೇರಿಕೊಂಡಿತು. ಇದರಿಂದ ಆದದ್ದೇನು? ಪ್ರತಿ ಅಧ್ಯಕ್ಷನೂ ಚುನಾವಣೆಗೆ ಸುಮಾರು ಒಂದೂವರೆ ವರ್ಷ ಮುಂಚೆ ಇಳಿದು ತಾನು ಆರಿಸಿದ ಉಪಾಧ್ಯಕ್ಷನಿಗೆ ಪೀಠ ಒಪ್ಪಿಸತೊಡಗಿದ. ಮಾಸಿರೆಯಿಂದ ಮೊಗಾಯೆ, ಮೊಗಾಯೆಯಿಂದ ಇಯಾನ್ ಖಾಮಾ, ಅವರಿಂದ ಮಸೀಸಿ. ಜನ ಮತ ಹಾಕುವ ಹೊತ್ತಿಗೆ ಹೊಸ ಅಧ್ಯಕ್ಷ ಆಗಲೇ ಕುರ್ಚಿಯಲ್ಲಿ ಬೆಚ್ಚಗೆ ಕುಳಿತಿರುತ್ತಿದ್ದ. ಆಕಾಶವಾಣಿ, ದೂರದರ್ಶನ ಎರಡೂ ಅವನ ಕೈಯಲ್ಲಿ. ಬಾನುಲಿಯಲ್ಲಿ ಮಾತನಾಡುತ್ತಿರುವ ನಾನು ಇದನ್ನು ಹೇಳದೆ ಬಿಡುವುದು ಸರಿಯಲ್ಲ.

ವಿರೋಧ ಪಕ್ಷಗಳೂ ಆಳುವವರಿಗೆ ಉಪಕಾರ ಮಾಡಿದವು. ಒಡೆಯುವುದರಲ್ಲಿ ಅವರು ನಿಸ್ಸೀಮರು. ನ್ಯಾಷನಲ್ ಫ್ರಂಟ್ 1998ರಲ್ಲಿ ಒಡೆಯಿತು. ಯಾರಿಗೆ ಹೆಚ್ಚು ಮತವೋ ಅವರಿಗೇ ಕ್ಷೇತ್ರ ಎಂಬ, ನಮ್ಮಲ್ಲೂ ಇರುವ, ಪದ್ಧತಿಯಲ್ಲಿ ವಿರೋಧಿಗಳ ಮತ ಹಂಚಿಹೋದರೆ ಗೆಲ್ಲುವವರು ಯಾರು ಎಂದು ನಿಮಗೆ ಹೇಳಬೇಕಿಲ್ಲ. 2014ರಲ್ಲಿ ಬಿಡಿಪಿಗೆ ಮೊದಲ ಬಾರಿಗೆ ಅರ್ಧಕ್ಕಿಂತ ಕಡಿಮೆ, ನೂರಕ್ಕೆ 47ರಷ್ಟು ಮತ ಬಿತ್ತು. ಸ್ಥಾನ ಮಾತ್ರ 57ರಲ್ಲಿ 37.

ಕಟ್ಟಿದವರ ಮನೆಯಿಂದಲೇ ಬಿರುಕು ಬಂತು. ಇಯಾನ್ ಖಾಮಾ ಸೆರೆತ್ಸೆಯ ಮಗ, ಸೈನ್ಯದ ಮುಖ್ಯಸ್ಥರಾಗಿದ್ದು ರಾಜಕೀಯಕ್ಕೆ ಬಂದವರು, ಬಂಗ್ವಾಟೊಗಳ ಖೋಸಿಯೂ ಹೌದು. ತಾವೇ ಆರಿಸಿ ಕೂರಿಸಿದ ಮಸೀಸಿ ತಮ್ಮ ಮಾತು ಕೇಳಲಿಲ್ಲವೆಂದು 2019ರಲ್ಲಿ ತಂದೆ ಕಟ್ಟಿದ ಪಕ್ಷವನ್ನೇ ಬಿಟ್ಟರು. 2021ರ ಕೊನೆಗೆ ದಕ್ಷಿಣ ಆಫ್ರಿಕಾಕ್ಕೆ ಹೋಗಿ ನೆಲೆಸಿದರು. ಇತ್ತ ಅವರ ಮೇಲೆ ಬಂದೂಕಿಗೆ ಸಂಬಂಧಿಸಿದ ಮೊಕದ್ದಮೆಗಳು ಬಿದ್ದವು. 2024ರ ಚುನಾವಣೆಗೆ ಕೆಲವೇ ವಾರ ಮೊದಲು ಹಿಂತಿರುಗಿ, ಊರೂರು ಸುತ್ತಿ ಬಿಡಿಪಿಯನ್ನು ಸೋಲಿಸಿ ಎಂದರು. ಅದೇ ಹೊತ್ತಿಗೆ ವಜ್ರದ ಬೆಲೆ ಕುಸಿದಿತ್ತು. ಪ್ರಯೋಗಾಲಯದಲ್ಲಿ ತಯಾರಾಗುವ ವಜ್ರಗಳು ಮಾರುಕಟ್ಟೆಯನ್ನು ತುಂಬಿದ್ದವು. ನಿರುದ್ಯೋಗ ನೂರಕ್ಕೆ 27ರ ಆಸುಪಾಸು, ಯುವಕರಲ್ಲಿ ಅದಕ್ಕಿಂತ ಹೆಚ್ಚು.

ಫಲಿತಾಂಶ ಬಂದಾಗ ಬೋಕೊ ಅವರ ಒಕ್ಕೂಟಕ್ಕೆ 61ರಲ್ಲಿ 36 ಸ್ಥಾನ. ಕಾಂಗ್ರೆಸ್ ಎಂದು ಹೆಸರಿರುವ ಇನ್ನೊಂದು ವಿರೋಧ ಪಕ್ಷಕ್ಕೆ 15, ಖಾಮಾ ಬೆಂಬಲಿಸಿದ ಪಕ್ಷಕ್ಕೆ 5, ಬಿಡಿಪಿಗೆ 4, ಪಕ್ಷೇತರ ಒಬ್ಬರು. ಮತಗಳ ಲೆಕ್ಕ ನೋಡಿದರೆ ಕಣ್ಣು ಉಜ್ಜಿಕೊಳ್ಳಬೇಕು. ಬಿಡಿಪಿಗೆ ನೂರಕ್ಕೆ ಸುಮಾರು 30 ಮತ ಬಿದ್ದಿದೆ, ಎರಡನೆಯ ಸ್ಥಾನ ಅದರದೇ. ಸುಮಾರು 21 ಮತ ಪಡೆದ ಕಾಂಗ್ರೆಸ್ಸಿಗೆ 15 ಸ್ಥಾನ, ಅದಕ್ಕಿಂತ ಹೆಚ್ಚು ಮತ ಪಡೆದ ಬಿಡಿಪಿಗೆ ನಾಲ್ಕು! ಅರ್ಧ ಶತಮಾನ ತನ್ನನ್ನು ಗೆಲ್ಲಿಸಿಕೊಂಡು ಬಂದ ಪದ್ಧತಿಯನ್ನು ಬದಲಾಯಿಸಿ ಎಂಬ ಬೇಡಿಕೆಗೆ ಅದು ಎಂದೂ ಕಿವಿಗೊಟ್ಟಿರಲಿಲ್ಲ. ಹೀಗಿದ್ದೂ ಮಸೀಸಿ ಆ ಶುಕ್ರವಾರ ತಕರಾರು ತೆಗೆಯಲಿಲ್ಲ. ಅದನ್ನೇ ನಾನು ರೂಢಿ ಎಂದದ್ದು.

ಈಗ ಗೆದ್ದವರ ಸರದಿ. ಬೋಕೊ ಮಾನವ ಹಕ್ಕುಗಳ ವಕೀಲರು, ಹಾರ್ವರ್ಡಿನಲ್ಲಿ ಓದಿದವರು, ಮೂರನೆಯ ಯತ್ನದಲ್ಲಿ ಅಧ್ಯಕ್ಷರಾದವರು. ಕಲಹಾರಿಯ ಒಬ್ಬ ಬಸರ್ವಾ ವೃದ್ಧನನ್ನು ಪೂರ್ವಿಕರ ನೆಲದಲ್ಲೇ ಹೂಳಬೇಕೆಂದು ಮನೆಯವರು ಕೇಳಿ, ಹಳೆಯ ಸರ್ಕಾರ ಒಪ್ಪದೆ, ಕೋರ್ಟುಗಳೂ ಒಪ್ಪದೆ, ಶವ ಹೆಚ್ಚುಕಡಿಮೆ ಮೂರು ವರ್ಷ ಶವಾಗಾರದಲ್ಲಿತ್ತು. ಅಧಿಕಾರಕ್ಕೆ ಬಂದ ಕೆಲವೇ ವಾರಗಳಲ್ಲಿ ಬೋಕೊ ಅನುಮತಿ ಕೊಟ್ಟರು. 2025ರ ಫೆಬ್ರವರಿಯಲ್ಲಿ ಡಿ ಬೀರ್ಸ್ ಜೊತೆ ಹೊಸ ಒಪ್ಪಂದವಾಗಿ, ಸರ್ಕಾರಿ ಸಂಸ್ಥೆ ತಾನೇ ಮಾರಬಹುದಾದ ವಜ್ರದ ಪಾಲು ಹೆಚ್ಚಿತು. ಚುನಾವಣೆಯಲ್ಲಿ ಹೇಳಿದ್ದ 4,000 ಪುಲಾ (ಅಲ್ಲಿನ ಹಣ) ಕನಿಷ್ಠ ವೇತನ ಮಾತ್ರ ಖಾಲಿ ಖಜಾನೆಯ ಎದುರು ನಿಂತಿತು. 2025ರ ಆಗಸ್ಟ್‌ನಲ್ಲಿ ಆಸ್ಪತ್ರೆಗಳಲ್ಲಿ ಔಷಧಿಯೇ ಇಲ್ಲದಾಗಿ ಸಾರ್ವಜನಿಕ ಆರೋಗ್ಯದ ತುರ್ತುಸ್ಥಿತಿ ಘೋಷಿಸಬೇಕಾಯಿತು.

ಸಂವಿಧಾನವನ್ನು ಮರುರಚಿಸುತ್ತೇವೆ ಎಂಬ ಭರವಸೆಯೂ ಇದೆ. ಮಸೀಸಿ ಕಾಲದಲ್ಲೇ ಮಾಜಿ ಮುಖ್ಯ ನ್ಯಾಯಮೂರ್ತಿ ಡಿಬೊಟೆಲೊ ಅವರ ಆಯೋಗ ಖೊಟ್ಲಾ ಖೊಟ್ಲಾ ತಿರುಗಿ ಅಭಿಪ್ರಾಯ ಸಂಗ್ರಹಿಸಿತ್ತು. ಕಲಹಾರಿ ತೀರ್ಪಿನ ಪೀಠದಲ್ಲಿದ್ದವರಲ್ಲಿ ಅವರೂ ಒಬ್ಬರು. ಆಮೇಲೆ ಬಂದ ಮಸೂದೆಯಲ್ಲಿ ನಾವು ಹೇಳಿದ್ದೇ ಇಲ್ಲ ಎಂದು ಜನ ಗೊಣಗಿದರು, ಸಂಸತ್ತಿನಲ್ಲಿ ಅದು ಬಿದ್ದುಹೋಯಿತು. ಹೊಸ ಸರ್ಕಾರ ಮೊದಲು ಸಂವಿಧಾನ ನ್ಯಾಯಾಲಯ ಸ್ಥಾಪಿಸೋಣ ಎಂದರೆ, ಮೊದಲು ಇಡೀ ಸಂವಿಧಾನವನ್ನು ಜನರ ಮುಂದಿಡಿ ಎಂದು ನಾಗರಿಕ ಸಂಘಟನೆಗಳು ಪಟ್ಟು ಹಿಡಿದಿವೆ. ಅಧ್ಯಕ್ಷನನ್ನು ಜನರೇ ನೇರವಾಗಿ ಆರಿಸಲಿ ಎಂಬ ಕೂಗೂ ಜೋರಾಗಿದೆ. ನನಗೆ ಅದರಲ್ಲಿ ಅನುಮಾನ ಇದೆ. ಈಗಾಗಲೇ ಯಾರ ಸಲಹೆಗೂ ಬದ್ಧನಲ್ಲದ ಅಧ್ಯಕ್ಷನಿಗೆ, ನಾನು ಜನರಿಂದಲೇ ಬಂದವನು ಎಂಬ ಇನ್ನೊಂದು ಬಲವನ್ನೂ ಕೊಟ್ಟರೆ ಅವನನ್ನು ಹಿಡಿಯುವವರು ಯಾರು? ಅಲ್ಲಿನ ಸಂಸತ್ತು ತನ್ನ ಸಿಬ್ಬಂದಿಗೆ, ಖರ್ಚಿಗೆ ಅಧ್ಯಕ್ಷರ ಕಚೇರಿಯನ್ನೇ ನೋಡಬೇಕಾದ ಸ್ಥಿತಿಯಲ್ಲಿ ದಶಕಗಳನ್ನು ಕಳೆದಿದೆ. ವಿರೋಧ ಪಕ್ಷದಲ್ಲಿದ್ದಾಗ ಇದನ್ನು ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದವರು ಈಗಿನ ಮಂತ್ರಿಗಳೇ. ಮುಂದಿನ ಚುನಾವಣೆ 2029ಕ್ಕೆ. ಅಷ್ಟರೊಳಗೆ ಅವರು 47ನೆಯ ವಿಧಿಯನ್ನು ಮುಟ್ಟುತ್ತಾರೋ ಇಲ್ಲವೋ ಎಂಬುದನ್ನು ಗ್ಯಾಬೊರೋನ್‌ನ ವಕೀಲರೂ ಪತ್ರಕರ್ತರೂ ಕಾದು ನೋಡುತ್ತಿದ್ದಾರೆ.